ಊರಿನ ಇತಿಹಾಸಕ್ಕೆ ಒಂದು ಸಂಘ

ಪ್ರಶ್ನೆ: ನಮ್ಮೂರ ಕೆರೆ ಏರಿ ಮೇಲೆ ಅಕ್ಷರ ಇರೋ ವೀರಗಲ್ಲಿದೆ, ಯಾರೋ ಸುಣ್ಣ ಬಳಿದಿದಾರೆ. ಹುಡುಗ್ರೆಲ್ಲ ಸೇರಿ ಊರಿನ ಇತಿಹಾಸ ಉಳಿಸೋಕೆ ಸಂಘ ಮಾಡ್ತಿದೀವಿ ಸರ್, ಎಲ್ಲಿಂದ ಶುರು ಮಾಡೋದು?

ಉತ್ತರ: ತುಂಬಾ ಖುಷಿಯಾಯ್ತು. ಸುಣ್ಣ ತೆಗೆಯೋಕಂತ ಆಸಿಡ್, ತಂತಿ ಬ್ರಷ್ ಮಾತ್ರ ಮುಟ್ಲೇಬೇಡಿ, ಅಕ್ಷರನೇ ಹೋಗಿಬಿಡುತ್ತೆ. ಕತ್ತಲಾದ್ಮೇಲೆ ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಟ್ಟು ಫೋಟೋ ತೆಗೀರಿ, ಸವೆದಿರೋ ಗೆರೆನೂ ನೆರಳಲ್ಲಿ ಎದ್ದು ಕಾಣುತ್ತೆ. ಆಮೇಲೆ ಬಿ.ಎಲ್. ರೈಸ್ ಅವರು ಶಾಸನಗಳನ್ನ ತಾಲೂಕುವಾರು ಸೇರಿಸಿರೋ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ನಿಮ್ಮ ತಾಲೂಕು ತೆಗೆದು ಊರ ಹೆಸರು ಹುಡುಕಿ. ಬೆಂಗಳೂರಲ್ಲಿ 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿಯವರು ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡಿಡ್ತಿದಾರೆ, ಅವರಿಗೂ ಫೋಟೋ ಕಳ್ಸಿ, ಹೆಬ್ಬಾಳದ ಸುಮಾರು ಕ್ರಿ.ಶ. 750ರ ಕಿತ್ತಯ್ಯ ಅನ್ನೋ ವೀರನ ಶಾಸನದ ಕಲ್ಲು ಉಳಿದಿದ್ದೂ ನಿಮ್ಮಂಥ ಆಸಕ್ತರಿಂದಲೇ. ಸಂಘದ ನೋಂದಣಿಗೆ ಏಳು ಜನ ಸಾಕು, ಅದು ನಿಧಾನಕ್ಕಾಗ್ಲಿ, ಊರಿನ ಹಿರಿಯರ ಮಾತು ಮಾತ್ರ ಈ ವಾರವೇ ರೆಕಾರ್ಡ್ ಮಾಡ್ಕೊಳ್ಳಿ.