ಹುಳಿಗಿಂತ ವಾಷಿಂಗ್ ಸೋಡಾಕ್ಕೆ ಹೆದರಿ

ಅಲ್ಯೂಮಿನಿಯಂ ವಿಷವೇ, ಹಾರ್ಡ್ ಆನೋಡೈಸ್ಡ್ (ಮೇಲ್ಮೈ ಗಟ್ಟಿ ಮಾಡಿದ ಅಲ್ಯೂಮಿನಿಯಂ) ಬಾಣಲೆಯಲ್ಲಿ ಹುಣಸೆಹುಳಿಯ ಮೀನಿನ ಪದಾರ್ಥ ಮಾಡಬಹುದೇ, ಇಲ್ಲ ಮನೆಯ ಅಲ್ಯೂಮಿನಿಯಂ ಪಾತ್ರೆಗಳನ್ನೆಲ್ಲ ಗುಜರಿಗೆ ಹಾಕಬೇಕೇ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ಉಡುಪಿಯ ಪಾತ್ರೆ ಅಂಗಡಿಯಲ್ಲಿ ನಿಂತು ನಾನೂ ಇದನ್ನೇ ಕೇಳಿದ್ದೆ.

ಅಂದು ಕೊಂಡ ಬಾಣಲೆಯಲ್ಲಿ ಮೂರು ವರ್ಷ ಬಂಗುಡೆ ಮೀನಿನ ಪುಳಿಮುಂಚಿ (ಹುಳಿ-ಖಾರದ ಪದಾರ್ಥ) ಮಾಡಿದೆ, ಏನೂ ಆಗಲಿಲ್ಲ. ಕೊನೆಗೆ ಅದನ್ನು ಹಾಳು ಮಾಡಿದ್ದು ನನ್ನ ಕೈಯೇ. ಅಷ್ಟಮಿಯ ಹಿಂದಿನ ರಾತ್ರಿ ಬೆಲ್ಲದ ಪಾಕ ತಳ ಹಿಡಿಯಿತು. ಉಜ್ಜಿದರೆ ಗೀರು ಬಿದ್ದೀತೆಂದು ಹೆದರಿ, ಬಿಸಿನೀರು ತುಂಬಿಸಿ, ಎರಡು ಚಮಚ ವಾಷಿಂಗ್ ಸೋಡಾ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ನೀರು ಬೂದುಬಣ್ಣ, ಒಳಮೈಗೆಲ್ಲ ಸಣ್ಣ ಗುಳ್ಳೆಗಳು, ಕಪ್ಪು ಅಳಿಸಿಹೋದ ಕಡೆ ಬೆಳ್ಳಗಿನ ಲೋಹ.

ಈ ತಪ್ಪನ್ನು ಬಿಡಿಸಿ ಹೇಳಲೇಬೇಕು. ಆನೋಡೈಸಿಂಗ್ ಎಂಬುದು ಮೇಲೆ ಬಳಿದ ಬಣ್ಣವಲ್ಲ. ಅಲ್ಯೂಮಿನಿಯಂ ಅನ್ನು ಆಮ್ಲದ ದ್ರಾವಣದಲ್ಲಿಟ್ಟು ವಿದ್ಯುತ್ ಹರಿಸಿದಾಗ ಲೋಹದ ಮೇಲ್ಪದರವೇ ಆಕ್ಸೈಡ್ ಆಗಿ ಗಟ್ಟಿಯಾಗುತ್ತದೆ. ಬರಿಯ ಅಲ್ಯೂಮಿನಿಯಂ ಮೇಲೂ ಈ ಪದರ ತಾನಾಗಿ ಮೂಡುತ್ತದೆ, ಆದರೆ ಕೆಲವೇ ನ್ಯಾನೊಮೀಟರ್ ದಪ್ಪ. ಹಾರ್ಡ್ ಆನೋಡೈಸ್ ಮಾಡಿದಾಗ 25 ಮೈಕ್ರಾನ್‌ನ ಆಸುಪಾಸು (ಒಂದು ಮೈಕ್ರಾನ್ ಎಂದರೆ ಸಾವಿರ ನ್ಯಾನೊಮೀಟರ್). ಅಡುಗೆಯ ಹುಳಿಗೆ ಅದು ಬಗ್ಗುವುದಿಲ್ಲ, ಕ್ಷಾರಕ್ಕೆ ಕರಗುತ್ತದೆ. ಕ್ಷಾರವಾದ ಸೋಡಾ ಮೊದಲು ಆಕ್ಸೈಡನ್ನು ತಿಂದು, ಬಳಿಕ ಕೆಳಗಿನ ಲೋಹಕ್ಕೆ ಕೈಹಾಕಿತು. ನಾನು ಕಂಡ ಗುಳ್ಳೆಗಳು ಹೈಡ್ರೋಜನ್. ಒಲೆಯ ಬೂದಿ, ಡಿಶ್‌ವಾಷರ್ ಪುಡಿ ಕೂಡ ಇದೇ ಜಾತಿಯವು. ಅತ್ತೆ ಬೂದಿ ಹಾಕಿ ತಿಕ್ಕುತ್ತಿದ್ದ ಅಲ್ಯೂಮಿನಿಯಂ ಪಾತ್ರೆಗಳು ಏಕೆ ಮಂಕಾಗುತ್ತಿದ್ದವೆಂದು ನನಗೆ ಆಗ ತಿಳಿಯಿತು.

ಇಷ್ಟಾದರೂ ಮುಂದಿನ ವಾರ ಅದರಲ್ಲೇ ಪುಳಿಮುಂಚಿ ಮಾಡಿ ರಾತ್ರಿಯಿಡೀ ಬಿಟ್ಟೆ. ಪುಳಿಮುಂಚಿಗೆ ರುಚಿ ಬರುವುದು ಮರುದಿನವಲ್ಲವೇ. ಬಾಯಿಗಿಟ್ಟರೆ ಲೋಹದ ಒಗರು. ಇಡೀ ಪದಾರ್ಥವನ್ನು ಚೆಲ್ಲಿದೆ. ಎರಡು ಸಾವಿರ ರೂಪಾಯಿಯ ಬಾಣಲೆಯೂ ಹೋಯಿತು.

ಆದ್ದರಿಂದ ಅಲ್ಯೂಮಿನಿಯಂ ವಿಷವೇ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಪದರ ಗಟ್ಟಿಯಾಗಿದೆಯೇ ಎಂದು ನೋಡಿ. ವಾರಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 2 ಮಿಲಿಗ್ರಾಂವರೆಗೆ ಅಲ್ಯೂಮಿನಿಯಂ ಹೊಟ್ಟೆಗೆ ಹೋದರೆ ಸಹಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಜಂಟಿ ತಜ್ಞ ಸಮಿತಿ 2011ರಲ್ಲಿ ಹೇಳಿದೆ. ಅದನ್ನು ಹೊರಹಾಕುವುದು ಮೂತ್ರಪಿಂಡ. ಮನೆಯಲ್ಲಿ ಮೂತ್ರಪಿಂಡದ ಕಾಯಿಲೆಯವರಿದ್ದರೆ ಮಾತ್ರ ವೈದ್ಯರನ್ನು ಕೇಳಿ. ಬರಿಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಅನ್ನ ಮಾಡಿ, ನೀರು ಕಾಯಿಸಿ. ಹುಣಸೆ, ಪುನರ್ಪುಳಿ, ಬಿಂಬುಳಿ ಬಿದ್ದದ್ದನ್ನು ಅದರಲ್ಲಿ ಕುದಿಸಬೇಡಿ, ಇಡಲೂಬೇಡಿ. ಪುಳಿಮುಂಚಿಗೆ ನಾನೀಗ ಮಣ್ಣಿನ ಪಾತ್ರೆಯನ್ನೇ ಹಿಡಿದಿದ್ದೇನೆ.

ತಳ ಹಿಡಿದ ಬೆಲ್ಲಕ್ಕೆ ಒಂದು ಗಂಟೆ ಬರಿಯ ಬಿಸಿನೀರು ಸಾಕಿತ್ತು.