ಗಾಡಿಮನೆಗೆ ಬಂದ ಪತ್ರಗಳು

ಈ ಸಲದ ಉತ್ತರಗಳನ್ನು ಶ್ರೀರಂಗಪಟ್ಟಣದ ಹತ್ತಿರ, ಗಂಜಾಂ ದಾಟಿ ಒಂದು ತೋಟದ ಪಕ್ಕ ಗಾಡಿ ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. ಹೊಸ ಓದುಗರಿಗೆ ಎರಡು ಮಾತು. ನಾನು ಮಂಡ್ಯ, ಮೈಸೂರು ಕಡೆಯ ಅಂಚೆ ಕಚೇರಿಗಳಲ್ಲಿ 34 ವರ್ಷ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ನಮ್ಮೆಜಮಾನರು ಮೈಸೂರಿನ ಬನ್ನಿಮಂಟಪದಲ್ಲಿ ಗ್ಯಾರೇಜ್ ಇಟ್ಟಿದ್ದವರು. ಮನೆ ಬಾಡಿಗೆಗೆ ಕೊಟ್ಟು, ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಮನೆ ಮಾಡಿಕೊಂಡು, ವರ್ಷಪೂರ್ತಿ ಅದರಲ್ಲೇ ಇದ್ದೇವೆ. ಇದು ನಾಲ್ಕನೇ ವರ್ಷ.

ಅಕ್ಕಾ, ನನ್ನ ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ. ಇಬ್ಬರಿಗೂ ಮನೆಯಿಂದಲೇ ಕೆಲಸ. ಈಗ ಇದ್ದ ಮನೆ ಮಾರಿ, ಆರ್‌ವಿ ಅಂತ ಒಂದು ದೊಡ್ಡ ಗಾಡಿ ತಗೊಂಡು ಊರೂರು ಸುತ್ತುತ್ತಾ ಅದರಲ್ಲೇ ಇರುತ್ತಾರಂತೆ. ಅಕ್ಕಪಕ್ಕ ಅಂತ ಯಾರೂ ಇರಲ್ವಲ್ಲ? ಹುಷಾರು ತಪ್ಪಿದರೆ ಒಂದು ಲೋಟ ಗಂಜಿ ಕೊಡೋರು ಯಾರು? ರಾತ್ರಿ ನಿದ್ದೆ ಬರ್ತಿಲ್ಲ. (ಒಬ್ಬ ತಾಯಿ, ಸರಸ್ವತಿಪುರಂ, ಮೈಸೂರು)

ನಿಮ್ಮ ಪತ್ರ ಓದಿ ನನ್ನ ಅಕ್ಕನ ನೆನಪಾಯಿತು. ನಾವು ಹೊರಟ ದಿನ ಅವಳೂ ಇದೇ ಮಾತು ಹೇಳಿ ಅತ್ತಿದ್ದಳು. ಆದ್ದರಿಂದ ನಿಮ್ಮ ಭಯ ಸುಮ್ನೆ ಬಂದದ್ದು ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿ ಈ ಬದುಕು ಹೇಗಿದೆ ಅಂತ ಗೊತ್ತಾದರೆ ನಿಮಗೆ ಸ್ವಲ್ಪ ಸಮಾಧಾನ ಆಗಬಹುದು.

ಅಮೆರಿಕದಲ್ಲಿ ಇದು ಹೊಸದಲ್ಲ. ಹೀಗೆ ಗಾಡಿಯಲ್ಲೇ ಬಾಳುವವರನ್ನು ಅಲ್ಲಿ ಫುಲ್‌ಟೈಮರ್ ಅನ್ನುತ್ತಾರೆ. ಕೆಲವರದು ಇಂಜಿನ್ ಸಮೇತ ಇರುವ ಮೋಟಾರ್‌ಹೋಮ್, ಕೆಲವರದು ಪಿಕಪ್ ಹಿಂದೆ ಕಟ್ಟಿ ಎಳೆಯುವ ಟ್ರೇಲರ್. ನಿಲ್ಲಿಸಲು ಕ್ಯಾಂಪ್‌ಗ್ರೌಂಡ್‌ಗಳಿವೆ. ಅಲ್ಲಿ ಒಂದೊಂದು ಗಾಡಿಗೂ ಕರೆಂಟು, ನೀರು, ಕೊಳಕು ನೀರು ಹೋಗುವ ಪೈಪು. ಪಕ್ಕದ ಗಾಡಿ ನಾಲ್ಕು ಹೆಜ್ಜೆ ದೂರ. ನಿಜ ಹೇಳಬೇಕೆಂದರೆ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗಿಂತ ಇವರಿಗೆ ಅಕ್ಕಪಕ್ಕ ಜಾಸ್ತಿ. ಸಂಜೆ ಎಲ್ಲರೂ ಕುರ್ಚಿ ತಂದು ಹೊರಗೆ ಹಾಕುತ್ತಾರೆ. ಹಾದು ಹೋಗುವವರು ನಿಂತು ಮಾತಾಡುತ್ತಾರೆ. ಉದ್ಯಾನಗಳಲ್ಲಿ ಕ್ಯಾಂಪ್‌ಗ್ರೌಂಡ್ ನೋಡಿಕೊಳ್ಳುವ ಸೇವೆ ಮಾಡಿ, ಅದಕ್ಕೆ ಬದಲಾಗಿ ಬಾಡಿಗೆಯಿಲ್ಲದೆ ತಿಂಗಳುಗಟ್ಟಲೆ ಇರುವವರೂ ಇದ್ದಾರೆ.

ಅರಿಜೋನಾ ರಾಜ್ಯದ ಮರುಭೂಮಿಯಲ್ಲಿ ಕ್ವಾರ್ಟ್‌ಸೈಟ್ ಅಂತ ಒಂದು ಸಣ್ಣ ಊರಿದೆ. ಉತ್ತರದ ಕಡೆ ಹಿಮ ಬಿದ್ದಾಗ ಸಾವಿರಾರು ಗಾಡಿಗಳು ಅಲ್ಲಿಗೆ ಬಂದು ಬೀಡು ಬಿಡುತ್ತವೆ. ಜನವರಿಯಲ್ಲಂತೂ ಜಾತ್ರೆ. ನನಗೆ ಅದರ ಚಿತ್ರ ನೋಡಿದಾಗ ನೆನಪಾದದ್ದು ನಮ್ಮ ಚುಂಚನಕಟ್ಟೆ, ಮುಡುಕುತೊರೆ ದನಗಳ ಜಾತ್ರೆ. ಹಿಂದೆ ಅಲ್ಲಿಗೆ ಗಾಡಿ ಕಟ್ಟಿಕೊಂಡು ಹೋಗಿ, ಗಾಡಿ ಕೆಳಗೆ ಒಲೆ ಹೂಡಿ, ವಾರಗಟ್ಟಲೆ ಇರುತ್ತಿರಲಿಲ್ವಾ ನಮ್ಮ ರೈತರು? ಹೋದ ವರ್ಷ ಪಕ್ಕದಲ್ಲಿದ್ದವರು ಈ ವರ್ಷವೂ ಸಿಕ್ಕರೆ ಆಗುವ ಸಂತೋಷ ಅಲ್ಲೂ ಅದೇ, ಇಲ್ಲೂ ಅದೇ.

ಗಂಜಿಯ ವಿಷಯಕ್ಕೆ ಬರುತ್ತೇನೆ. 1978ರಲ್ಲಿ ಜೋ ಮತ್ತು ಕೇ ಪೀಟರ್ಸನ್ ಎಂಬ ದಂಪತಿ ಎಸ್ಕೇಪೀಸ್ ಅಂತ ಒಂದು ಸಂಘ ಕಟ್ಟಿದರು. ಅವರಿಬ್ಬರೂ ಗಾಡಿಯಲ್ಲೇ ಬಾಳಿದವರು. ಕೇ ಈ ಬದುಕಿನ ಬಗ್ಗೆ ಪತ್ರಿಕೆಗೆ ಬರೆಯುತ್ತಿದ್ದರು. ಸಂಘದ ಮುಖ್ಯ ಜಾಗ ಟೆಕ್ಸಾಸಿನ ಲಿವಿಂಗ್‌ಸ್ಟನ್. ಸದಸ್ಯರ ಟಪಾಲು ಅಲ್ಲಿಗೆ ಬರುತ್ತದೆ. ಅವರು ಆಗ ಯಾವ ಊರಲ್ಲಿದ್ದಾರೋ ಅಲ್ಲಿಗೆ ಇವರು ಕಳಿಸುತ್ತಾರೆ. ಜೀವನವಿಡೀ ವಿಳಾಸ ಓದಿದ ನನಗೆ ಇದು ತುಂಬಾ ಇಷ್ಟವಾದ ಸಂಗತಿ. ಇನ್ನೂ ಇಷ್ಟವಾದದ್ದು ಇನ್ನೊಂದು. ವಯಸ್ಸಾಗಿ, ಕಾಯಿಲೆ ಬಂದು ಗಾಡಿ ಓಡಿಸಲು ಆಗದ ಸದಸ್ಯರು ಅದೇ ಊರಿನಲ್ಲಿ ತಮ್ಮ ತಮ್ಮ ಗಾಡಿಯಲ್ಲೇ ಉಳಿಯಬಹುದು. ಊಟ, ಆರೈಕೆ ನೋಡಿಕೊಳ್ಳಲು ಅಲ್ಲೊಂದು ಕೇಂದ್ರ ಮಾಡಿದ್ದಾರೆ. ಗಂಜಿ ಕೊಡುವವರು ಇದ್ದಾರೆ ತಾಯೀ.

ಹಾಗಂತ ಎಲ್ಲ ಚೆನ್ನಾಗಿದೆ ಅಂತಲ್ಲ. ನಿಮ್ಮ ಮಗಳು, ಅಳಿಯ ಕೆಲಸದಲ್ಲಿರುವವರು. ದಿನವೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತು, ಶನಿವಾರ ಗಾಡಿ ಓಡಿಸಿ, ಭಾನುವಾರ ಹೊಸ ಜಾಗ ಸೇರಿದರೆ ಯಾರ ಪರಿಚಯವೂ ಆಗುವುದಿಲ್ಲ. ಅಲ್ಲಿನ ಸರ್ಕಾರಿ ಬಯಲುಗಳಲ್ಲಿ ದುಡ್ಡಿಲ್ಲದೆ ನಿಲ್ಲಿಸಬಹುದು, ಆದರೆ ಸಾಮಾನ್ಯವಾಗಿ 14 ದಿನ ಅಷ್ಟೇ. ಪರಿಚಯ ಗಟ್ಟಿಯಾಗುವ ಹೊತ್ತಿಗೆ ಒಬ್ಬರು ಪೂರ್ವಕ್ಕೆ, ಒಬ್ಬರು ಪಶ್ಚಿಮಕ್ಕೆ. ಅದರ ನೋವು ನನಗೆ ಗೊತ್ತು. ಫೋನ್ ಮಾಡಿದಾಗ "ಮತ್ತೆ ಮನೆ ಯಾವಾಗ ತಗೋತೀರಿ" ಅಂತ ಕೇಳಬೇಡಿ. "ಒಂದು ಜಾಗದಲ್ಲಿ ಎಷ್ಟು ದಿನ ಇರ್ತೀರಿ? ಪಕ್ಕದ ಗಾಡಿಯಲ್ಲಿ ಯಾರಿದ್ದಾರೆ?" ಅಂತ ಕೇಳಿ. ಮಗಳು ಪಕ್ಕದವರ ಹೆಸರು ಹೇಳಿದ ದಿನ ನೀವು ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ನಾವಿಬ್ಬರೂ ನಿವೃತ್ತರು. ಹೋದ ವರ್ಷ ಕ್ಯಾರವಾನ್ ಬಾಡಿಗೆಗೆ ತಗೊಂಡು 12 ದಿನದಲ್ಲಿ 2,400 ಕಿ.ಮೀ. ಸುತ್ತಿದೆವು. ಜಾಗಗಳೇನೋ ಚೆನ್ನಾಗಿದ್ದವು. ಆದರೆ ಹೋಟೆಲಿನವರು, ಪೆಟ್ರೋಲ್ ಬಂಕಿನವರು ಬಿಟ್ಟರೆ ಒಬ್ಬರ ಜೊತೆಯೂ ಮಾತಾಡಲಿಲ್ಲ. ನಿಮ್ಮ ಅಂಕಣದಲ್ಲಿ ಅಷ್ಟೊಂದು ಜನ ಬರುತ್ತಾರೆ. ನಮಗೆ ಯಾಕೆ ಯಾರೂ ಸಿಗಲಿಲ್ಲ? (ಅಶೋಕನಗರ, ಮಂಡ್ಯ)

ದಿನಕ್ಕೆ 200 ಕಿ.ಮೀ. ಓಡಿಸಿದ್ದೀರಿ. ಪ್ರತಿ ರಾತ್ರಿ ಹೊಸ ಊರು. ಯಾರಾದರೂ ಸಿಗಬೇಕಾದರೆ ಅವರಿಗೆ ನೀವು ಒಮ್ಮೆಯಾದರೂ ಎರಡನೇ ಸಲ ಕಾಣಿಸಬೇಕಲ್ವಾ?

ಬೇಜಾರು ಮಾಡಿಕೊಳ್ಳಬೇಡಿ, ಮೊದಲನೇ ವರ್ಷ ನಾವು ಮಾಡಿದ್ದೂ ಇದೇ. ಟ್ಯಾಂಕಿನ ತುಂಬ ನೀರು, ಡಬ್ಬಗಳ ತುಂಬ ಅಕ್ಕಿ ಬೇಳೆ, ಮೇಲೆ ಸೋಲಾರ್. ಯಾರ ಹತ್ತಿರವೂ ಏನೂ ಕೇಳುವ ಹಾಗಿರಬಾರದು ಅಂತ ಯಜಮಾನರು ಎಲ್ಲ ಅಚ್ಚುಕಟ್ಟು ಮಾಡಿದ್ದರು. ಕೇಳಲೂ ಇಲ್ಲ. ಯಾರೂ ಬರಲೂ ಇಲ್ಲ.

ಬದಲಾದದ್ದು ಪಾಂಡವಪುರದ ಕಡೆ, ಒಂದು ಡಿಸೆಂಬರ್ ಸಂಜೆ. ಕೆರೆ ತೊಣ್ಣೂರಿನಿಂದ ಬರುವಾಗ ಹತ್ತಿರದ ದಾರಿ ಅಂತ ನಾಲೆ ಏರಿಯ ಮೇಲೆ ಗಾಡಿ ಇಳಿಸಿದೆವು. ಗದ್ದೆಗೆ ನೀರು ಹಾಯಿಸಿ ಮಣ್ಣು ಮೆತ್ತಗಾಗಿತ್ತು. ಹಿಂದಿನ ಚಕ್ರ ಅರ್ಧ ಹೂತುಹೋಯಿತು. ಒಂದು ಕಡೆ ನೀರು, ಒಂದು ಕಡೆ ಗದ್ದೆ. ಗಾಡಿ ನೀರಿನ ಕಡೆಗೇ ವಾಲಿತ್ತು. ನನ್ನ ಕೈ ನಡುಗುತ್ತಿತ್ತು. ಕಬ್ಬು ತುಂಬಿದ ಟ್ರಾಕ್ಟರ್ ಒಂದು ಬಂತು. ಓಡಿಸುತ್ತಿದ್ದವರು ಇಳಿದು ಚಕ್ರ ನೋಡಿದರು, ನನ್ನ ಮುಖ ನೋಡಿದರು. "ಒಸಿ ತಡೀರವ್ವ. ಇಂಥ ಗಾಡಿನ ಏರಿ ಮ್ಯಾಲೆ ಯಾಕ್ ತಂದ್ರಿ? ಅತ್ಲಾಗೆ ನಿಂತ್ಕಳಿ" ಅಂದರು. ಟ್ರೇಲರ್ ಕಳಚಿ, ಹಗ್ಗ ಕಟ್ಟಿ, ಕಬ್ಬಿನ ಸೋಗೆ ಚಕ್ರದ ಕೆಳಗೆ ತುರುಕಿ, ಮುಕ್ಕಾಲು ಗಂಟೆಯಲ್ಲಿ ಎಳೆದರು. ದುಡ್ಡು ಕೊಡಲು ಹೋದರೆ, "ಕಾಸ್ ಮಡಿಕಳಿ. ಕತ್ಲಾಯ್ತು, ಆಲೆಮನೆ ತಾವ ಗಾಡಿ ನಿಲ್ಲಿಸ್ಕಳಿ, ಬೆಳಿಗ್ಗೆ ಹೋಗೋರಂತೆ" ಅಂದರು.

ಬೆಳಿಗ್ಗೆ ಹೋಗಲಿಲ್ಲ. ಐದು ದಿನ ಇದ್ದೆವು.

ಮಂಡ್ಯದವರಿಗೆ ಆಲೆಮನೆ ವಿವರಿಸಬೇಕಿಲ್ಲ. ಆದರೂ ನಾನು ನೋಡಿದ್ದನ್ನು ಹೇಳಲೇಬೇಕು. ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತಿರುತ್ತದೆ. ಕೆಳಗೆ ಉರಿಯುವುದು ಅದೇ ಕಬ್ಬಿನ ಒಣಗಿದ ಸಿಪ್ಪೆ. ಮೇಲೆ ಬರುವ ಕೊಳೆಯನ್ನು ಜಾಲರಿಯಲ್ಲಿ ಎತ್ತಿ ಎತ್ತಿ ತೆಗೆಯುತ್ತಾರೆ. ಬೆಲ್ಲ ಬೇಯಿಸುವ ಅಜ್ಜ ಒಬ್ಬರಿದ್ದರು. ಅವರು ಮಾತು ಕಡಿಮೆ, ಕೊಪ್ಪರಿಗೆ ಬಿಟ್ಟು ಕಣ್ಣು ತೆಗೆಯುವವರಲ್ಲ. ಗುಳ್ಳೆಗಳು ಮೊದಲು ದೊಡ್ಡದಾಗಿ ಎದ್ದು, ಆಮೇಲೆ ಸಣ್ಣಗಾಗಿ, ಪಾಕ ದಪ್ಪಗೆ "ಬುಸ್" ಅನ್ನಲು ಶುರುವಾದಾಗ ಅಜ್ಜ ಒಂದು ಚೂರು ತೆಗೆದು ಚೊಂಬಿನ ತಣ್ಣೀರಿಗೆ ಬಿಟ್ಟರು. ಬೆರಳಲ್ಲಿ ಒತ್ತಿ ನೋಡಿ, ಆ ಉಂಡೆಯನ್ನು ನನ್ನ ಕೈಗೆ ಹಾಕಿದರು. "ನೀನೂ ಒತ್ತು ನೋಡವ್ವ" ಅಂದರು. ಮೂರನೇ ದಿನ ಅದು. ಅಲ್ಲಿಯತನಕ ಅವರು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಐದನೇ ದಿನ ನಾನು ಒತ್ತಿ "ಇನ್ನೂ ಆಗಿಲ್ಲ" ಅಂದೆ. ಅಜ್ಜ ತಲೆಯಾಡಿಸಿ ಇನ್ನೊಂದು ಹಿಡಿ ಸಿಪ್ಪೆ ಒಲೆಗೆ ಹಾಕಿಸಿದರು.

ಮುಂದಿನ ಸಂಕ್ರಾಂತಿಗೆ ಅವರದೇ ಅಚ್ಚು ಬೆಲ್ಲ ಹೆಚ್ಚಿ, ಎಳ್ಳು, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜ ಬೆರೆಸಿ ಎಳ್ಳು ಬೀರಲು ಅದೇ ಊರಿಗೆ ಹೋದೆವು. ಟ್ರಾಕ್ಟರಿನವರ ಮನೆಯಲ್ಲಿ ಮುದ್ದೆ, ಅವರೆಕಾಳಿನ ಉಪ್ಸಾರು. ಎರಡನೇ ಸಲ ಬಂದಾಗ ನಾವು "ಆ ಗಾಡಿಯವರು" ಆಗಿರಲಿಲ್ಲ. ಮನೆಯ ಮಗುವಿಗೆ ನನ್ನನ್ನು ತೋರಿಸಿ "ಅಜ್ಜಿ ಬಂದ್ರು ನೋಡು" ಅಂದರು.

ಆದ್ದರಿಂದ ಮುಂದಿನ ಸಲ ಹೊರಡುವಾಗ 12 ದಿನಕ್ಕೆ ಮೂರೇ ಊರು ಇಟ್ಟುಕೊಳ್ಳಿ. ಟ್ಯಾಂಕ್ ಪೂರ್ತಿ ತುಂಬಿಸಬೇಡಿ. ನಮ್ಮದು 100 ಲೀಟರ್, ಇಬ್ಬರಿಗೆ ನಾಲ್ಕು ದಿನ ಬರುತ್ತದೆ. ಈಗ ಅರ್ಧವೇ ತುಂಬಿಸುತ್ತೇವೆ. ಎರಡು ದಿನಕ್ಕೊಮ್ಮೆ ಕೊಡ ಹಿಡಿದು ಊರಿನ ನಲ್ಲಿ ಹತ್ತಿರ ಸಾಲಲ್ಲಿ ನಿಲ್ಲುತ್ತೇನೆ. "ಯಾವೂರವ್ವ ನಿಮ್ದು?" ಅಂತ ಕೇಳದೆ ನೀರು ಬಿಟ್ಟುಕೊಟ್ಟ ಊರನ್ನು ನಾನು ಇನ್ನೂ ನೋಡಿಲ್ಲ. ಸೊಪ್ಪು, ಹಾಲು ಅಲ್ಲೇ ಕೊಳ್ಳಿ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ 118 ಕಿ.ಮೀ. ಅದರಲ್ಲಿ ಹೋದರೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲ ಪಕ್ಕಕ್ಕೆ ಉಳಿದುಬಿಡುತ್ತವೆ. ಆಸ್ಪತ್ರೆಗೆ ಹೋಗುವವರಿಗೆ ಅದು ಬೇಕು. ನೀವು ಹಳೇ ರಸ್ತೆ ಹಿಡಿಯಿರಿ.

ಮೇಡಂ, ನಾನೊಂದು ಹಳೇ ವ್ಯಾನ್ ತಗೊಂಡು ಒಳಗೆ ಮಂಚ, ಅಡುಗೆಮನೆ ಮಾಡಿಸಬೇಕು ಅಂತಿದ್ದೇನೆ. ಆರ್‌ಟಿಒ ತೊಂದರೆ ಆಗುತ್ತಾ? (ಯುವ ಓದುಗ, ಪಾಂಡವಪುರ)

ಕೇಳದೆ ಮಾಡಿಸಿದರೆ ಖಂಡಿತ ಆಗುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿ ಇರುವುದಕ್ಕೂ ವ್ಯತ್ಯಾಸ ಬರುವ ಹಾಗೆ ಬದಲಾಯಿಸುವಂತಿಲ್ಲ. ಸೀಟು ಬಿಚ್ಚುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಒಪ್ಪಿಗೆ ಕೇಳಿ, ಕೆಲಸ ಮುಗಿದ ಮೇಲೆ ಆರ್‌ಸಿಯಲ್ಲಿ ಬರೆಸಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಗಾಡಿ ಇಟ್ಟರೆ ಅಲ್ಲಿ ಮತ್ತೆ ನೋಂದಣಿ ಮಾಡಿಸಬೇಕು, ಅದೂ ನೆನಪಿರಲಿ. ಗ್ಯಾಸಿಗೆ 5 ಕೆ.ಜಿ. ಸಿಲಿಂಡರ್ ಸಾಕು. ಅಡುಗೆ ಮಾಡುವಾಗ ಬಾಗಿಲು, ಕಿಟಕಿ ತೆಗೆದಿಡಿ. ರಾತ್ರಿ ರೆಗ್ಯುಲೇಟರ್ ಆಫ್ ಮಾಡದೆ ಮಲಗಬೇಡಿ.

ನಿಮ್ಮ ತಂದೆ ತಾಯಿ ಪಿಂಚಣಿದಾರರಾಗಿದ್ದು ಜೊತೆಗೆ ಬರುವುದಾದರೆ ಹೇಳಿ: ನವೆಂಬರಿನ ಜೀವನ ಪ್ರಮಾಣ ಪತ್ರ ಈಗ ಫೋನಿನಲ್ಲಿ ಮುಖ ತೋರಿಸಿ ಕೊಡಬಹುದು. ನಾನು ಹೋದ ವರ್ಷ ಗೋಕರ್ಣದಲ್ಲಿ ಗಾಡಿ ಮೆಟ್ಟಿಲ ಮೇಲೆ ಕೂತು ಕೊಟ್ಟೆ.

ಅಕ್ಕಾ, ಗೊತ್ತಿಲ್ಲದವರನ್ನು ಗಾಡಿ ಒಳಗೆ ಕರೀತೀರಾ? ಹೆದರಿಕೆ ಆಗಲ್ವಾ? (ಗೃಹಿಣಿ, ಮದ್ದೂರು)

ಆಗುತ್ತದೆ. ಒಂದು ಸಲ ಕೆರೆ ದಂಡೆಯಲ್ಲಿ ನಿಲ್ಲಿಸಿದ್ದಾಗ ರಾತ್ರಿ ಹನ್ನೊಂದಕ್ಕೆ ಯಾರೋ ಬಂದು ಗಾಡಿಗೆ ಬಡಿದು ಎಬ್ಬಿಸಿ ಕಳಿಸಿದರು. ಕತ್ತಲಲ್ಲಿ ಎಲ್ಲಿಗೆ ಹೋಗುವುದು ಅಂತ ಗೊತ್ತಾಗದೆ ಒಂದು ಗಂಟೆ ಸುಮ್ನೆ ಓಡಿಸಿದೆವು. ಅಂದಿನಿಂದ ಬೆಳಕಿರುವಾಗಲೇ ಊರು ಸೇರುತ್ತೇವೆ. ಮೊದಲು ಅಂಗಡಿಯಲ್ಲೋ ದೇವಸ್ಥಾನದಲ್ಲೋ ಕೇಳುತ್ತೇವೆ, ಅವರು ತೋರಿಸಿದಲ್ಲಿ ನಿಲ್ಲಿಸುತ್ತೇವೆ. ಮೊದಲ ದಿನ ಯಾರನ್ನೂ ಒಳಗೆ ಕರೆಯುವುದಿಲ್ಲ, ಚಾಪೆ ಹೊರಗೆ ಹಾಸುತ್ತೇವೆ. ಕತ್ತಲಾದ ಮೇಲೆ ಬಾಗಿಲು ತೆಗೆಯುವುದಿಲ್ಲ, ಕಿಟಕಿಯಿಂದಲೇ ಮಾತು. ಮನಸ್ಸು ಯಾಕೋ ಒಪ್ಪದಿದ್ದರೆ ಕಾರಣ ಹುಡುಕುತ್ತಾ ಕೂರುವುದಿಲ್ಲ, ಹೊರಟುಬಿಡುತ್ತೇವೆ.

ಒಳಗೆ ಬರುವವರು ಬಹುಪಾಲು ಹೆಂಗಸರು. ಮೇಲುಕೋಟೆ ಹತ್ತಿರದ ಒಂದು ಹಳ್ಳಿಯಲ್ಲಿ ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಮೂರು ದಿನ ದೂರದಿಂದ ನೋಡಿ, ನಾಲ್ಕನೇ ದಿನ ಬಂದರು. ಮಂಚ ಒತ್ತಿ ನೋಡಿದರು. ಪ್ರತಿ ಡ್ರಾಯರ್ ಎಳೆದರು. ನಲ್ಲಿ ತಿರುಗಿಸಿ, ನೀರು ಬಂದ ಕೂಡಲೇ ವ್ಯರ್ಥವಾಗಬಾರದು ಅಂತ ನಿಲ್ಲಿಸಿದರು. "ದೇವ್ರು ಎಲ್ಲವ್ರೆ?" ಅಂದರು. ಡ್ರೈವರ್ ಸೀಟಿನ ಹಿಂದೆ ಅಂಗೈಯಗಲದ ಚಾಮುಂಡಿ ಫೋಟೋ ತೋರಿಸಿದೆ. ತಮ್ಮ ತುರುಬಿನಿಂದ ಎರಡು ಕನಕಾಂಬರ ಕಿತ್ತು ಅಲ್ಲಿ ಸಿಕ್ಕಿಸಿ, ಮೆಟ್ಟಿಲ ಮೇಲೆ ಕೂತು, "ಕಾಪಿ ಕಾಯ್ಸು ಮತ್ತೆ" ಅಂದರು.