ಅಪಲಾಚಿಯನ್ ಕಾಲುದಾರಿಯನ್ನು ನೋಡಿಕೊಳ್ಳುವವರು ಯಾರು?

ಹೆಚ್ಚಿನ ಮಟ್ಟಿಗೆ ಸ್ವಯಂಸೇವಕರೇ. 1921ರಲ್ಲಿ ಅರಣ್ಯತಜ್ಞ ಬೆಂಟನ್ ಮೆಕಾಯ್ ಮುಂದಿಟ್ಟ ಕಲ್ಪನೆಯನ್ನು ಅಮೆರಿಕದ ಚಾರಣ ಸಂಘಗಳು, ಸರ್ಕಾರಿ ಕೆಲಸಗಾರರ ನೆರವಿನೊಂದಿಗೆ, 1937ರ ಹೊತ್ತಿಗೆ ಜಾರ್ಜಿಯಾದಿಂದ ಮೇಯ್ನ್‌ವರೆಗೆ 14 ರಾಜ್ಯಗಳನ್ನು ಹಾಯುವ ದಾರಿಯಾಗಿ ಪೂರೈಸಿದವು. ಸುಮಾರು 3,500 ಕಿಲೋಮೀಟರ್ ಉದ್ದದ ಈ ದಾರಿಯನ್ನು ಸಂಘಗಳು ಇಂದಿಗೂ ತಮ್ಮತಮ್ಮಲ್ಲಿ ಹಂಚಿಕೊಂಡು ಕಾಪಾಡುತ್ತಿವೆ. ಗುಂಪು ಚಾರಣಕ್ಕೆಂದು ಬಂದ ಅನೇಕರು ಮುಂದೆ ಗುದ್ದಲಿ, ಗರಗಸ ಹಿಡಿಯುತ್ತಾರೆ.

ದಾರಿಗೆ ಬಹಳ ಹಾನಿ ಮಾಡುವುದು ಹರಿಯುವ ನೀರು. ಆದ್ದರಿಂದ ಇಳಿಜಾರಿನಲ್ಲಿ ದಾರಿಗೆ ಓರೆಯಾಗಿ ಕಲ್ಲನ್ನೋ ಮರದ ದಿಮ್ಮಿಯನ್ನೋ ಹೂತು, ಮಳೆನೀರು ಪಕ್ಕದ ಕಾಡಿಗೆ ಹರಿದುಹೋಗುವಂತೆ ಮಾಡುತ್ತಾರೆ. ಅದರ ಹಿಂದೆ ಎಲೆ, ಮಣ್ಣು ಕಟ್ಟಿಕೊಂಡಾಗಲೆಲ್ಲ ಮತ್ತೆ ಕೆರೆದು ತೆಗೆಯಬೇಕು. ನಡೆಯುವವರ ಗಮನಕ್ಕೇ ಬಾರದ ಈ ಕೆಲಸವನ್ನು ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುತ್ತೇನೆ. ಮರಗಳ ಮೇಲೆ ದಾರಿ ತೋರುವ ಬಿಳಿ ಪಟ್ಟಿಗಳನ್ನು ಬಳಿಯುವವರೂ ಇವರೇ.